ಕೆಂಚಿಯ ಪಥ್ಯ

ಶೆಲ್ಟರಿನ ಹಿಂದಿನ ಶೆಡ್ಡಿನಲ್ಲಿ ಅಕ್ಕಿ ಮೂಟೆ ತೂಗುವ ಮೆಷಿನ್ನಿತ್ತು. ಅದರ ಮೇಲೆ ಅವಳನ್ನು ನಿಲ್ಲಿಸಿದಾಗ 32 ಕಿಲೋ ತೋರಿಸಿತು. ಗ್ರೇಟ್ ಡೇನ್ ತಳಿಯ ಹೆಣ್ಣು, ವಯಸ್ಸು ಅಂದಾಜು ನಾಲ್ಕು. ಆ ಎತ್ತರಕ್ಕೆ ಏನಿಲ್ಲವೆಂದರೂ 50 ಕಿಲೋ ಇರಬೇಕಿತ್ತು. ಬೆನ್ನುಮೂಳೆಯ ಗಂಟುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಮೊಣಕೈಗಳು ಸಿಮೆಂಟು ನೆಲಕ್ಕೆ ಉಜ್ಜಿ ಉಜ್ಜಿ ಜಡ್ಡುಗಟ್ಟಿದ್ದವು. ಕಿವಿಯ ಒಳಮಡಿಕೆಯಲ್ಲಿ ರಕ್ತ ಕುಡಿದು ಹರಳುಬೀಜದಷ್ಟು ದಪ್ಪಗಾದ ಉಣ್ಣೆಗಳು. ಜೋತುಬಿದ್ದ ಮೊಲೆಗಳನ್ನು ನೋಡಿದರೆ ಅವಳಿಂದ ಎಷ್ಟು ಸೂಲು ಹೆರಿಸಿರಬಹುದೆಂದು ಯೋಚಿಸಲೂ ಸಂಕಟವಾಗುತ್ತಿತ್ತು. ಮರಿ ಮಾರುವವರೊಬ್ಬರು ಇನ್ನು ಇವಳಿಂದ ಪ್ರಯೋಜನವಿಲ್ಲವೆಂದು ಬಿಟ್ಟುಹೋಗಿದ್ದರಂತೆ. ಶೆಲ್ಟರಿಗೆ ಬಂದು ಮೂರೇ ದಿನವಾಗಿತ್ತು. ಮೈಬಣ್ಣ ಕೆಂಚು, ಅದಕ್ಕೇ ಕೆಂಚಿ ಎಂದು ಕರೆದೆವು.

ಅವಳನ್ನು ಮನೆಗೆ ಕರೆತಂದ ದಿನ ನನ್ನಲ್ಲಿ ಇದ್ದದ್ದು ಕನಿಕರ. ಅವಳಿಗೆ ಬೇಕಿದ್ದದ್ದು ಪಥ್ಯ. ಇವೆರಡೂ ಒಂದೇ ಅಲ್ಲವೆಂದು ತಿಳಿಯಲು ನನಗೆ ಒಂದು ರಾತ್ರಿ ಸಾಕಾಯಿತು. ಆದರೆ ನಮ್ಮ ಊರುಗಳಲ್ಲಿ ಪ್ರಾಣಿದಯೆಯ ಬಗ್ಗೆ ನಡೆಯುವ ಮಾತುಕತೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಆ ರಾತ್ರಿ ನಡೆದದ್ದಿಷ್ಟು. ಪಶುವೈದ್ಯರು ಒಂದು ಹಾಳೆಯಲ್ಲಿ ಹೊತ್ತು, ಪ್ರಮಾಣ ಎಲ್ಲ ಬರೆದುಕೊಟ್ಟಿದ್ದರು. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಇಷ್ಟು ದೊಡ್ಡ ಜೀವ, ಇಷ್ಟು ದಿನದ ಹಸಿವು, ಕೊಡಬೇಕಾದದ್ದು ಇಷ್ಟೇನಾ? ಕೋಳಿಸಾರಿಗೆ ಅನ್ನ ಕಲಸಿ ಪಾತ್ರೆ ತುಂಬಿಸಿ ಹಿತ್ತಲಿಗೆ ಒಯ್ಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು. ಅವರು ಧಾರವಾಡದ ಕಡೆಯವರು. ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದವರು. ನಾಯಿ ಮನೆಯೊಳಗೆ ಬರುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. "ಬಾಣಂತಿಗೆ ಮೊದಲ್ನೇ ದಿನಾನ ಹೋಳಿಗಿ ಊಟಾ ಹಾಕ್ತಾರೇನವಾ? ಬತ್ತಿದ ಹೊಟ್ಟಿ ಅದು, ತಡಿಯಾಂಗಿಲ್ಲ. ಡಾಕ್ಟರು ಬರದಷ್ಟ ಹಾಕು" ಎಂದರು.

ಅತ್ತೆ ಹೇಳಿದ್ದು ಅಕ್ಷರಶಃ ವೈದ್ಯಶಾಸ್ತ್ರ. ದಿನಗಟ್ಟಲೆ ಅನ್ನವಿಲ್ಲದ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಂಡು ಬದುಕುವುದನ್ನು ಕಲಿತಿರುತ್ತದೆ. ಒಮ್ಮೆಲೇ ಹೊಟ್ಟೆತುಂಬ ಅನ್ನ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ; ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳು ಒಳಗೆ ಸೆಳೆದುಕೊಂಡುಬಿಡುತ್ತವೆ. ರಕ್ತದಲ್ಲಿ ರಂಜಕ ಕುಸಿದರೆ ಕೆಂಪು ಕಣಗಳು ಒಡೆಯುತ್ತವೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ಲಯ ತಪ್ಪುತ್ತದೆ. ರೀಫೀಡಿಂಗ್ ಸಿಂಡ್ರೋಮ್ ಎಂದು ಇದಕ್ಕೆ ಹೆಸರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಜನ ಉಂಡ ಮೇಲೆ ಸಾಯುವುದನ್ನು ಕಂಡು ವೈದ್ಯರು ಇದನ್ನು ಅರ್ಥಮಾಡಿಕೊಳ್ಳತೊಡಗಿದರು. ಉಪವಾಸ ತಾಳಿಕೊಂಡ ಜೀವವನ್ನು ಊಟ ಕೊಲ್ಲಬಲ್ಲದು. ಆ ಪಾತ್ರೆಯನ್ನು ನಾನು ಅವಳ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಕೈ ನಡುಗುತ್ತದೆ.

ವೈದ್ಯರ ಹಾಳೆಯ ಹಿಂದೆ ಒಂದು ಸರಳ ಲೆಕ್ಕವಿತ್ತು. ಕಿಲೋಗಳಲ್ಲಿ ದೇಹದ ತೂಕ ತೆಗೆದುಕೊಂಡು, ಅದರ ಮುಕ್ಕಾಲನೇ ಘಾತ ಕಂಡುಹಿಡಿದು, 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. 32 ಕಿಲೋಗೆ ಅದು ಸುಮಾರು 940. ಮೊದಲ ದಿನ ಅದರ ಕಾಲುಭಾಗ ಮಾತ್ರ, ಅದೂ ಆರು ಪಾಲು ಮಾಡಿ. ಅಂದರೆ ಒಂದು ಹೊತ್ತಿಗೆ ಬೇಯಿಸಿದ ಅರ್ಧ ಮೊಟ್ಟೆಯಷ್ಟು! ಅನ್ನ, ಗಂಜಿಯಂಥ ಪಿಷ್ಟ ಪದಾರ್ಥ ಆದಷ್ಟು ಕಡಿಮೆ. ಮೊಟ್ಟೆ, ಮಾಂಸ ಹೆಚ್ಚು. ನಾಲ್ಕೈದು ದಿನ ಕಳೆದು, ರಕ್ತಪರೀಕ್ಷೆ ಸರಿಯಿದೆ ಎಂದಾದ ಮೇಲೆ ಪೂರ್ತಿ ಪ್ರಮಾಣ. ಆಮೇಲೆ ತೂಕ ಏರಿದ ಹಾಗೆ ಏರಿಕೆ. ಅವಳು ಒಂದೇ ತುತ್ತಿಗೆ ಮುಗಿಸಿ ತಲೆ ಎತ್ತಿ ನನ್ನ ಮುಖ ನೋಡುವಳು. ಅಡುಗೆಮನೆಯಲ್ಲಿ ಡಬ್ಬಿ ತುಂಬ ಇದ್ದೂ, ಆ ಕಣ್ಣುಗಳ ಮುಂದೆ ಕೈಕಟ್ಟಿ ನಿಲ್ಲುವುದಿದೆಯಲ್ಲ, ಅದರಷ್ಟು ಕಷ್ಟದ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಥ್ಯವೆಂದರೆ ಊಟದ ಅಳತೆಯಷ್ಟೇ ಅಲ್ಲ. ರಕ್ತದಲ್ಲಿ ಎರ್ಲಿಕಿಯಾ ಸಿಕ್ಕಿತು; ಕಂದು ಉಣ್ಣೆ ಹರಡುವ ಈ ಸೋಂಕಿಗೆ ನಾಯಿ ಸಾಕುವವರು ಟಿಕ್ ಫೀವರ್ ಎನ್ನುತ್ತಾರೆ. ಅವಳ ಪ್ಲೇಟ್‌ಲೆಟ್ 60,000ಕ್ಕೆ ಇಳಿದಿತ್ತು. ಎರಡು ಲಕ್ಷದ ಆಸುಪಾಸಾದರೂ ಇರಬೇಕಾದದ್ದು. ಡಾಕ್ಸಿಸೈಕ್ಲಿನ್ 28 ದಿನ, ಒಂದು ದಿನವೂ ತಪ್ಪಿಸುವಂತಿಲ್ಲ. ನಮ್ಮಲ್ಲಿ ನಾಯಿಗೆ ಮಾತ್ರೆ ಎಂದರೆ ಮೊಸರನ್ನದಲ್ಲಿ ಮುಚ್ಚಿಡುವುದೇ ರೂಢಿ. ಆದರೆ ಹಾಲು ಮೊಸರಿನ ಸುಣ್ಣದಂಶ ಈ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಒಣಗಂಟಲಲ್ಲಿ ನುಂಗಿಸಿದರೆ ಅನ್ನನಾಳದಲ್ಲೇ ಅಂಟಿ ಸುಡುತ್ತದೆ. ಆದ್ದರಿಂದ ಮಾಂಸದ ತುಣುಕಿನೊಳಗೆ ಮಾತ್ರೆ, ಹಿಂದೆಯೇ ನೀರು. ಹತ್ತನೆಯ ದಿನಕ್ಕೇ ಅವಳು ಬಾಲ ಆಡಿಸತೊಡಗಿದಳು, ಒಸಡಿಗೆ ಬಣ್ಣ ಬಂತು. ಇನ್ನು ಸಾಕಲ್ಲವೇ ಎನಿಸುವುದು ಇಲ್ಲೇ. ಎಷ್ಟೋ ನಾಯಿಗಳ ರೋಗ ಮರುಕಳಿಸುವುದೂ ಇಲ್ಲೇ.

ಅವಳ ಮೈಮೇಲಿದ್ದ ಕಜ್ಜಿಯದು ಇನ್ನೂ ದೀರ್ಘ ವ್ಯವಹಾರ. ಬ್ಲೇಡಿನಿಂದ ಚರ್ಮವನ್ನು ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಚ್ಚಿ ನೋಡಿದರೆ ಡೆಮೋಡೆಕ್ಸ್ ನುಸಿ. ಇದು ಆರೋಗ್ಯವಂತ ನಾಯಿಯ ರೋಮಕೂಪದಲ್ಲೂ ಅಷ್ಟಿಷ್ಟು ಇರುವಂಥದ್ದು; ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮೈಯೆಲ್ಲ ಹಬ್ಬುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಇದನ್ನು ಅಕ್ಕಪಕ್ಕದ ಮನೆಯವರಿಗೆ ತಿಳಿಸಿ ಹೇಳುವುದು ಸಹ ಚಿಕಿತ್ಸೆಯ ಭಾಗವೇ ಆಯಿತು. ಹಿಂದೆ ವಾರ ವಾರ ಔಷಧದ ನೀರಿನಲ್ಲಿ ಮುಳುಗಿಸಿ ತೆಗೆಯಬೇಕಿತ್ತಂತೆ. ಈಗ ತಿಂಗಳಿಗೊಂದು ಮಾತ್ರೆಯಿದೆ. ಅದೇ ಮಾತ್ರೆ ಉಣ್ಣೆಗಳನ್ನೂ ಕೊಲ್ಲುತ್ತದೆ. ಆದರೂ ತಿಂಗಳ ಅಂತರದಲ್ಲಿ ಎರಡು ಬಾರಿ ಕೆರೆದು ನೋಡಿ ನುಸಿ ಇಲ್ಲವೆಂದಾಗುವವರೆಗೆ ನಿಲ್ಲಿಸುವಂತಿಲ್ಲ. ಗೋಡೆಯ ಬಿರುಕಿನಲ್ಲಿ ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಔಷಧ ಮಾಡಿ ಗೋಡೆ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಹಿತ್ತಲ ಬಿರುಕುಗಳಿಗೆಲ್ಲ ಸಿಮೆಂಟು ಬಳಿದೆವು.

ದತ್ತು ನಾಯಿಗಳ ಬಗ್ಗೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸುವುದು ಈಗ ಎಲ್ಲೆಡೆ ಕಾಣುತ್ತದೆ. ಒಂದರಲ್ಲಿ ಎಲುಬಿನ ಗೂಡು, ಇನ್ನೊಂದರಲ್ಲಿ ಮಿರುಗುವ ಮೈ. ಆ ಫೋಟೋಗಳಿಂದ ಒಳ್ಳೆಯದೂ ಆಗಿದೆ, ಅನೇಕರ ಮನ ಕರಗಿದೆ. ಆದರೆ ಎರಡು ಫೋಟೋಗಳ ನಡುವಿನ ಖಾಲಿ ಜಾಗದಲ್ಲಿ ನೂರೈವತ್ತು ದಿನಗಳಿರುತ್ತವೆ. ಅಲ್ಲಿ ಏನೂ ನಡೆಯದಂತೆ ಕಾಣುವ ವಾರಗಳಿರುತ್ತವೆ. ಅದನ್ನು ತೋರಿಸದೆ ಕರೆದರೆ, ಬಂದವರು ಮೂರನೆಯ ವಾರಕ್ಕೆ ದಣಿದು ನಾಯಿಯನ್ನು ವಾಪಸು ಬಿಟ್ಟುಹೋಗುತ್ತಾರೆ.

ಕೆಂಚಿಯ ಮೂರನೆಯ ವಾರ ಹೀಗಿತ್ತು. ಅತ್ತೆ ಊರಿಂದ ತಂದ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಿತ್ತಲ ಪಡಸಾಲೆಯಲ್ಲಿ ಹಾಸಿದ್ದೆವು. ಅವಳು ಅದರ ಪಕ್ಕದಲ್ಲೇ, ಬರಿಯ ನೆಲದ ಮೇಲೆ ಮಲಗುತ್ತಿದ್ದಳು. ಕೌದಿಯ ಮೇಲೆ ಕರೆದರೆ ಮೈ ಮುದುಡಿಕೊಂಡು ಗೋಡೆಗೆ ಒತ್ತಿ ನಿಲ್ಲುವಳು. ಮೆತ್ತಗಿನದ್ದರ ಮೇಲೆ ಮಲಗಬಹುದು ಎಂಬುದೇ ಆ ಜೀವಕ್ಕೆ ಗೊತ್ತಿರಲಿಲ್ಲವೋ, ಹಿಂದೆಂದೋ ಮಲಗಿದ್ದಕ್ಕೆ ಏಟು ಬಿದ್ದಿತ್ತೋ. ನಾವು ಕರೆಯುವುದನ್ನು ಬಿಟ್ಟೆವು. ಹತ್ತೊಂಬತ್ತನೆಯ ದಿನ ಬೆಳಗ್ಗೆ ನೋಡಿದರೆ ಮುಂಗಾಲೆರಡು ಕೌದಿಯ ಮೇಲೆ, ಉಳಿದ ಮೈ ನೆಲದ ಮೇಲೆ. ಇಪ್ಪತ್ತಾರನೆಯ ದಿನ ಅವಳು ಅದರ ಮೇಲೆ ಒಂದು ಮಗ್ಗುಲಾಗಿ, ಕಾಲು ಚಾಚಿ, ಬಾಯಿ ಅರೆತೆರೆದು ನಿದ್ದೆ ಮಾಡಿದಳು. ಮೊಣಕೈಯ ಜಡ್ಡು ಮೆತ್ತಗಾಗತೊಡಗಿದ್ದು ಅಲ್ಲಿಂದ ಮುಂದೆ.

ಇಂಥ ದೊಡ್ಡ ನಾಯಿಗಳು ಶೆಲ್ಟರಿಗೆ ಹೇಗೆ ಬಂದು ಸೇರುತ್ತವೆ ಎಂಬುದನ್ನು ಯೋಚಿಸದೆ ದತ್ತಿನ ಮಾತು ಆಡುವುದು ಅರ್ಧ ಮಾತು. ಗ್ರೇಟ್ ಡೇನ್ ಮರಿ ಎರಡು ತಿಂಗಳಿಗೆ ಎಂಟು ಹತ್ತು ಕಿಲೋ ಇರುತ್ತದೆ. ವರ್ಷ ತುಂಬುವಷ್ಟರಲ್ಲಿ ಅದರ ಐದು ಪಟ್ಟು. ಕೊಂಡವರು ಕೊಂಡದ್ದು ಮರಿಯನ್ನು, ಗೇಟಿನ ಮುಂದೆ ನಿಲ್ಲುವ ಗತ್ತನ್ನು. ಬಾಡಿಗೆ ಮನೆ ಬದಲಾದಾಗ, ಮಗುವಾದಾಗ, ಹಿಡಿದು ನಡೆಸುತ್ತಿದ್ದ ಹುಡುಗ ಊರಿಗೆ ಹೋದಾಗ ಅದು ಭಾರವಾಗುತ್ತದೆ. ಹಿಮದ ನಾಡಿನ ಸೇಂಟ್ ಬರ್ನಾರ್ಡ್, ಹಸ್ಕಿಗಳನ್ನು ನಮ್ಮ ಬೇಸಿಗೆಯಲ್ಲಿ ತಾರಸಿಯ ಮೇಲೆ ಕಟ್ಟಿಹಾಕಿದ್ದನ್ನು ಕಂಡಿದ್ದೇನೆ. 2022ರಲ್ಲಿ ಬಂದ '777 ಚಾರ್ಲಿ' ನೋಡಿ ನಾವೆಲ್ಲ ಚಿತ್ರಮಂದಿರದಲ್ಲಿ ಅತ್ತೆವು. ಆ ಚಿತ್ರದ ಲ್ಯಾಬ್ರಡಾರ್ ತಪ್ಪಿಸಿಕೊಂಡು ಬರುವುದೇ ಹಿಂಸೆ ಕೊಡುವ ಮರಿ ವ್ಯಾಪಾರಿಯ ಮನೆಯಿಂದ. ಆ ಕಣ್ಣೀರು ನಿಜವಾದದ್ದು. ಆದರೆ ಕಣ್ಣೀರು ಒರೆಸಿಕೊಂಡು ನಾವು ಎಲ್ಲಿಗೆ ಹೋಗುತ್ತೇವೆ, ಮರಿ ಮಾರುವವನ ಹತ್ತಿರವೋ ಶೆಲ್ಟರಿನ ಹಿಂದಿನ ಗೂಡಿಗೋ ಎಂಬುದರ ಮೇಲೆ ಮುಂದಿನ ಚಾರ್ಲಿಯ ಹಣೆಬರಹ ನಿಂತಿದೆ.

ಕಾನೂನು ಇಲ್ಲವೆಂದಲ್ಲ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. ಮರಿ ಮಾಡಿಸುವವರು ನೋಂದಾಯಿಸಿಕೊಳ್ಳಬೇಕು, ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕು, ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಗಬ್ಬ ಕಟ್ಟಿಸಬಾರದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಕೆಂಚಿಯ ಭುಜಗಳ ನಡುವೆ ವೈದ್ಯರು ಚಿಪ್ ಓದುವ ಯಂತ್ರವನ್ನು ಮೂರು ಸಲ ಆಡಿಸಿದರು. ಏನೂ ಕಾಣಲಿಲ್ಲ. ಯಾರು ಬಿಟ್ಟುಹೋದರೆಂದು ಕೇಳಲು ಒಂದು ಅಂಕಿಯೂ ಅವಳ ಮೈಯಲ್ಲಿ ಇರಲಿಲ್ಲ. ಸಿಕ್ಕಿದ್ದರೂ ಆಗುವುದೇನು? ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ, ಐವತ್ತಕ್ಕೆ ಮೀರದೆ. ಅಂದಿನ ಐವತ್ತು ರೂಪಾಯಿಗೆ ಬೆಲೆಯಿತ್ತು. ಇಂದು ಅದರಲ್ಲಿ ಹೋಟೆಲಿನ ಒಂದು ದೋಸೆಯೂ ಬರುವುದು ಕಷ್ಟ. ಈ ಮೊತ್ತವನ್ನು ಏರಿಸಬೇಕೆಂದು ಕೇಳುವುದು ನಾಯಿಪ್ರಿಯರ ಹಟ ಎಂದು ಯಾರೂ ತಳ್ಳಿಹಾಕಬಾರದು.

ಸರ್ಕಾರ ಇನ್ನೊಂದು ದಾರಿಯನ್ನೂ ಹಿಡಿದು ನೋಡಿತು. 2024ರ ಮಾರ್ಚ್ 12ರ ಸುತ್ತೋಲೆಯಲ್ಲಿ 23 ತಳಿಗಳನ್ನು ಉಗ್ರವೆಂದು ಪಟ್ಟಿಮಾಡಿ ಆಮದು, ಮಾರಾಟ, ಸಾಕಣೆ ನಿಷೇಧಿಸಲು ಹೊರಟಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ನಾಯಿ ಕಚ್ಚುವ ಭಯವನ್ನು ನಾನು ಹಗುರವಾಗಿ ಕಾಣುವವಳಲ್ಲ. ದೊಡ್ಡ ನಾಯಿ ಕಚ್ಚಿದರೆ ಆಗುವ ಅನಾಹುತವೂ ದೊಡ್ಡದೇ. ಆದರೆ ಭಯ ಹುಟ್ಟಿಸಬೇಕಾದದ್ದು ತಳಿಯ ಹೆಸರಲ್ಲ, ಮೂರಡಿ ಚೈನಿನಲ್ಲಿ ವರ್ಷಗಟ್ಟಲೆ ಹಸಿದು ನಿಂತ ನಾಯಿ.

ನನಗೆ ಬಂದ ಪ್ರಶ್ನೆಗಳಲ್ಲಿ ಎರಡು ಭಾರವಾದವು. ಬೀದಿನಾಯಿಗಳೇ ಇಷ್ಟಿರುವಾಗ ವಿದೇಶಿ ತಳಿ ಯಾಕೆ ಎಂಬುದು ಒಂದು. ನಮ್ಮ ಹವೆಗೆ ನಮ್ಮ ನಾಡ ನಾಯಿಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಹೊಸದಾಗಿ ನಾಯಿ ತರುವವರು ಅದನ್ನೇ ತರಲಿ. ಆದರೆ ಬೀದಿನಾಯಿಗೆ ಒಂದು ಬೀದಿ ಇದೆ. ಅನ್ನ ಹಾಕುವ ಒಂದಿಬ್ಬರು ಇರುತ್ತಾರೆ, ಬಿಸಿಲಿಗೆ ಸರಿಯಲು ಒಂದು ಜಗಲಿ ಗೊತ್ತಿರುತ್ತದೆ. ಕೆಂಚಿಯಂಥವಳಿಗೆ ಬೀದಿ ಎಂದರೆ ಮರಣ. ಶೆಲ್ಟರಿಗೆ ಬಂದರೆ ಅಲ್ಲಿಂದ ಹೊರಗೆ ದಾರಿ ಒಂದೇ, ಯಾರಾದರೂ ಮನೆಗೆ ಕರೆದೊಯ್ಯುವುದು. ಅವಳು ತಿನ್ನುವುದು ಎರಡು ಮೂರು ನಾಯಿಗಳ ಪಾಲು, ಹಿಡಿಯುವುದು ಎರಡು ಮೂರು ನಾಯಿಗಳ ಜಾಗ. ಅವಳು ಹೊರಟರೆ ಅಷ್ಟು ಜೀವಗಳಿಗೆ ಎಡೆಯಾಗುತ್ತದೆ. ಎಲ್ಲರೂ ದೊಡ್ಡ ನಾಯಿಯನ್ನು ಬಿಟ್ಟು ಮರಿಯನ್ನೇ ಆರಿಸಿಕೊಂಡು ಹೋಗುವ ಶೆಲ್ಟರು ಬೇಗನೆ ಉಸಿರುಕಟ್ಟುತ್ತದೆ.

ಇನ್ನೊಂದು ಪ್ರಶ್ನೆ ಹಣದ್ದು. ಮೊದಲ ಮೂರು ತಿಂಗಳಿಗೆ ನಮಗೆ 45,000 ರೂಪಾಯಿಯಷ್ಟು ಖರ್ಚಾಯಿತು. ಇಷ್ಟರಲ್ಲಿ ಒಂದು ಮಗುವಿನ ಓದು ಸಾಗುತ್ತಿತ್ತಲ್ಲ ಎಂದು ನನ್ನ ಅಣ್ಣನೇ ಕೇಳಿದ. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟೇ: ಇದನ್ನು ನಾನು ದಾನದ ಲೆಕ್ಕದಲ್ಲಿ ಬರೆದುಕೊಂಡಿಲ್ಲ, ಸಾಲದ ಲೆಕ್ಕದಲ್ಲಿ ಬರೆದಿದ್ದೇನೆ. ಈ ದೇಹವನ್ನು ಕಾಡು ಮಾಡಲಿಲ್ಲ. ಹಂದಿ ಬೇಟೆಗೆ, ಕಾವಲಿಗೆ, ಆಮೇಲೆ ಬರಿಯ ಅಂದಕ್ಕೆ ಮನುಷ್ಯನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ತೋಳಕ್ಕಿಂತ ದೊಡ್ಡದು ಮಾಡಿದ. ಆ ಗಾತ್ರದ ಜತೆಗೆ ದುರ್ಬಲ ಹೃದಯ, ಸವೆಯುವ ಕೀಲು, ಎಂಟೊಂಬತ್ತು ವರ್ಷಕ್ಕೇ ಮುಗಿಯುವ ಆಯುಷ್ಯವೂ ಬಂತು. ಮಾಡಿದವರು ನಾವು, ತೀರಿಸಬೇಕಾದವರೂ ನಾವೇ.

ಈ ಸಾಲದ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಸುಮಾರು ಕ್ರಿ.ಶ. 950ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿ ಅದರಲ್ಲಿದೆ. ಚರಿತ್ರೆ ಬರೆಯುವವರು ಅದನ್ನು ಉಲ್ಲೇಖಿಸುವುದು ಹೆಚ್ಚಾಗಿ ಅದಕ್ಕೇ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಹಂದಿಯೊಡನೆ ಹೋರಾಡುತ್ತಿರುವ ನಾಯಿಯನ್ನು. ಗಂಗರ ಬೂತುಗನ ಕಡೆಯ ವೀರ ಮಣಲೇರ. ಯುದ್ಧದ ಸಾಹಸಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಕಾದಿತು, ಎರಡೂ ಸತ್ತವು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನೆಡಿಸಿದರು, ಪೂಜೆಗೆ ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾನು ಆ ಕಲ್ಲಿನ ಮುಂದೆ ನಿಂತಾಗೆಲ್ಲ ನನ್ನ ಮನಸ್ಸು ನಿಲ್ಲುವುದು ಈ ಕೊನೆಯ ಮಾತಿನಲ್ಲಿ. ಒಂದು ದಿನದ ದುಃಖವನ್ನು ಕೆತ್ತಿಸಿ ಕೈತೊಳೆದುಕೊಳ್ಳಲಿಲ್ಲ ಅವರು. ಪ್ರತಿದಿನದ ಹೊಣೆಯನ್ನು ಒಬ್ಬ ಮನುಷ್ಯನ ಊಟಕ್ಕೆ ಕಟ್ಟಿದರು.

ಹಾಗಾಗಿಯೇ ಎಲ್ಲರೂ ದೊಡ್ಡ ನಾಯಿಯನ್ನು ದತ್ತು ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ. ದಿನಕ್ಕೆ ನಾಲ್ಕು ಹೊತ್ತು ಮನೆಯಲ್ಲಿ ಯಾರೂ ಇಲ್ಲದವರು, ತೆವಳುವ ಮಗುವಿರುವವರು, ಐವತ್ತು ಕಿಲೋ ಎಳೆದರೆ ಹಿಡಿದು ನಿಲ್ಲಲಾರದವರು ಬೇಡ ಎಂದರೆ ಅದು ತಪ್ಪಲ್ಲ. ಹಸಿದು ಬಂದ ನಾಯಿ ಪಾತ್ರೆಯನ್ನು ಕಾಯುತ್ತದೆ. ಕೆಂಚಿಯೂ ಮೊದಲ ತಿಂಗಳು ಉಣ್ಣುವಾಗ ಹತ್ತಿರ ಹೋದರೆ ಗುರ್ ಎನ್ನುತ್ತಿದ್ದಳು. ಅದನ್ನು ಕೋಪವೆಂದು ತಿಳಿದು ಗದರಿಸಿದರೆ ಕಚ್ಚುವ ನಾಯಿಯಾಗುತ್ತದೆ. ಶೆಲ್ಟರುಗಳೂ ಹೊರೆ ಇಳಿದರೆ ಸಾಕೆಂದು ನಾಯಿಯನ್ನು ಕೈಗೊಪ್ಪಿಸಬಾರದು. ತಿಂಗಳ ಊಟದ ಪಟ್ಟಿ, ಔಷಧದ ಪಟ್ಟಿ, ಫೋನಿನಲ್ಲಿ ಸಿಗುವ ಒಬ್ಬ ತಿಳಿದವರು, ಒಂದು ತಿಂಗಳು ಇಟ್ಟುಕೊಂಡು ನೋಡಿ ಆಮೇಲೆ ಸಹಿ ಮಾಡುವ ಅವಕಾಶ ಇಷ್ಟಿದ್ದರೆ ವಾಪಸು ಬರುವ ನಾಯಿಗಳು ಖಂಡಿತ ಕಡಿಮೆಯಾಗುತ್ತವೆ ಎಂದು ನನ್ನ ನಂಬಿಕೆ. ಮನೆಯಲ್ಲಿ ತೂಕದ ಮೆಷಿನ್ನಿಲ್ಲ ಎನ್ನುವವರಿಗೆ ನಮ್ಮ ವೈದ್ಯರು ಕೈಯನ್ನೇ ತಕ್ಕಡಿ ಮಾಡಿಕೊಟ್ಟರು. ಮುಷ್ಟಿ ಬಿಗಿದು ಗೆಣ್ಣುಗಳನ್ನು ಸವರಿ ನೋಡಿ. ಪಕ್ಕೆಲುಬು ಹಾಗೆ ತಗುಲಿದರೆ ನಾಯಿ ಸೊರಗಿದೆ. ಕೈ ಚಾಚಿ ಹಿಂಬದಿ ಸವರಿದಂತಿದ್ದರೆ ಸರಿಯಾಗಿದೆ. ಅಂಗೈ ಒತ್ತಿ ನೋಡಿದಂತಿದ್ದರೆ ಕೊಬ್ಬು ಹೆಚ್ಚು.

ಐದು ತಿಂಗಳ ಕೊನೆಗೆ ಕೆಂಚಿ 49 ಕಿಲೋ ಆದಳು. ಅದೇ ಸಮಯಕ್ಕೆ ಸಂತಾನಹರಣ ಮಾಡಿಸಿದೆವು. ಆ ಶಸ್ತ್ರಚಿಕಿತ್ಸೆಯಲ್ಲೇ ಹೊಟ್ಟೆಯನ್ನು ಪಕ್ಕೆಯ ಗೋಡೆಗೆ ಹೊಲಿಸಿದೆವು. ಆಳವಾದ ಎದೆಯ ಈ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ, ಹೊಲಿಗೆ ಆ ತಿರುಚನ್ನು ತಡೆಯುತ್ತದೆ. ಉಬ್ಬರದ ಅಪಾಯ ಆಗಲೂ ಇರುವುದರಿಂದ ಇಂದಿಗೂ ಅವಳಿಗೆ ಒಂದೇ ದೊಡ್ಡ ಊಟವಿಲ್ಲ. ಮೂರು ಹೊತ್ತು, ಅಳೆದು. ಉಂಡ ಮೇಲೆ ಓಡಾಟವಿಲ್ಲ.

ನಾಯಿ ಒಳಗೆ ಬರಬಾರದು ಎಂದಿದ್ದ ಅತ್ತೆ ಈಗಲೂ ಅದನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಕೆಂಚಿಯೂ ಹೊಸ್ತಿಲು ದಾಟುವುದಿಲ್ಲ, ಅಲ್ಲೇ ತಲೆಯಿಟ್ಟು ಮಲಗಿರುತ್ತಾಳೆ. ರಾತ್ರಿ ಎಂಟಕ್ಕೆ ಅತ್ತೆಯ ತಾಟಿನಲ್ಲಿ ರೊಟ್ಟಿ ಬೀಳುತ್ತದೆ. ಅವರು ರೊಟ್ಟಿ ಮುರಿಯುವ ಮೊದಲು ಹೊಸ್ತಿಲ ಕಡೆ ನೋಡಿ ದಿನಾ ಕೇಳುತ್ತಾರೆ: "ಕೆಂಚೀದು ಆತೇನವಾ?"